ಗಾಂಜಾ ಷೇರಿನ ಎಚ್ಚರಿಕೆ ಪತ್ರದಲ್ಲಿ ಕಾಣದ ಜುಕಿನಿ

ಟೊರಾಂಟೊದಲ್ಲಿ ಕುಳಿತು ಷೇರು ಮಾರಲು ಹೊರಟ ಕಂಪನಿಗಳ ಎಚ್ಚರಿಕೆ ಪತ್ರಗಳಿಗೆ ಮುದ್ರೆ ಒತ್ತುವ ಮಾನ್ಯರೇ,

ನಮ್ಮೂರಿನ ಗಾಂಜಾ ಕಂಪನಿಯ ಷೇರು ಹದಿನಾಲ್ಕು ಡಾಲರಿನಿಂದ ಹನ್ನೊಂದು ಸೆಂಟಿಗೆ ಇಳಿದಿದೆ. ಈ ಚಳಿಗಾಲ ನಮ್ಮ ಕರ್ಲಿಂಗ್ ಕ್ಲಬ್ಬಿನಲ್ಲಿ ಕಲ್ಲು ಜಾರಿಸಲು ಮಂಜುಗಡ್ಡೆಯೇ ಇಲ್ಲ. ಎರಡಕ್ಕೂ ನಡುವಿನ ಕೊಂಡಿ ನಾನು. ಮಂಜುಗಡ್ಡೆ ಹಾಕುವ ಹಳೆಯ ಯಂತ್ರ ಬದಲಿಸಲೆಂದು ಆರು ವರ್ಷ ಶನಿವಾರ ಶನಿವಾರ ಹಂದಿಮಾಂಸ ಬಹುಮಾನವಿಟ್ಟು ಲಾಟರಿ ನಡೆಸಿ ಕೂಡಿಸಿದ್ದ ಹಣವನ್ನು, ಖಜಾಂಚಿಯಾದ ನಾನೇ ಆ ಷೇರಿಗೆ ಹಾಕಿಸಿದೆ.

ಇದರಲ್ಲಿ ತಮ್ಮ ತಪ್ಪೇನು ಎನ್ನುವಿರಿ. ತಾವು ಒಪ್ಪಿದ ಎಚ್ಚರಿಕೆ ಪತ್ರ ಇನ್ನೂರ ಹನ್ನೆರಡು ಪುಟ. ಅದನ್ನು ಪೂರ್ತಿ ಓದಿದವರು, ತಮ್ಮನ್ನೂ ಲೆಕ್ಕಕ್ಕೆ ಹಿಡಿದರೂ, ನಾನೊಬ್ಬಳೇ ಇರಬೇಕು. ಅಮೆರಿಕದ ಕಾನೂನು ಸಡಿಲವಾಗದಿರಬಹುದು, ಬ್ಯಾಂಕು ಸಾಲ ಕೊಡದಿರಬಹುದು, ಹೊಸ ಷೇರು ಹೊರಡಿಸಿ ಹಳಬರ ಪಾಲು ತೆಳುವಾಗಬಹುದು, ಬೆಳೆಗೆ ಬೂಷ್ಟು ಹತ್ತಬಹುದು, ನಿರ್ದೇಶಕರು ಬಿಟ್ಟುಹೋಗಬಹುದು, ಭೂಕಂಪವಾಗಬಹುದು ಎಂದೆಲ್ಲ ಅದರಲ್ಲಿತ್ತು. ಭೂಕಂಪವೊಂದನ್ನು ಬಿಟ್ಟು ಉಳಿದೆಲ್ಲವೂ ಆಯಿತು. ಎಲ್ಲ ಅಪಾಯಕ್ಕೂ ಒಂದೇ ಗಾತ್ರದ ಇರುವೆ ಅಕ್ಷರ ಕೊಟ್ಟರೆ ಓದುವವಳು ಯಾವುದಕ್ಕೆಂದು ಹೆದರಬೇಕು?

ಅಷ್ಟು ಪುಟಗಳಲ್ಲಿ ಜುಕಿನಿಯ ಸುದ್ದಿ ಮಾತ್ರ ಎಲ್ಲಿಯೂ ಇರಲಿಲ್ಲ. ಆಗಸ್ಟಿನಲ್ಲಿ ನಮ್ಮೂರಿನಲ್ಲಿ ಕಾರಿಗೆ ಬೀಗ ಹಾಕದೆ ಯಾರೂ ಚರ್ಚಿಗೆ ಹೋಗುವುದಿಲ್ಲ. ಕಳ್ಳರ ಭಯವಲ್ಲ. ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಸೀಟಿನ ಮೇಲೆ ತಮ್ಮ ಹಿತ್ತಿಲಲ್ಲಿ ಮಿತಿಮೀರಿ ಬೆಳೆದ, ಸೌತೆಕಾಯಿಯಂಥ ಜುಕಿನಿಯ ಚೀಲ ಇಟ್ಟು ಹೋಗಿರುತ್ತಾರೆ. ಎಲ್ಲರ ಹಿತ್ತಿಲಲ್ಲೂ ಬೆಳೆಯುವುದಕ್ಕೆ ಬೆಲೆಯಿಲ್ಲ. ನಲವತ್ತು ವರ್ಷ ಗಾಜಿನ ಮನೆಯಲ್ಲಿ ಟೊಮೆಟೊ ಬೆಳೆದ ನನಗೆ ಇದು ಗೊತ್ತಿರಲಿಲ್ಲವೇ? ಮನೆಗೆ ನಾಲ್ಕು ಗಾಂಜಾ ಗಿಡ ಬೆಳೆಸಿಕೊಳ್ಳಿ ಎಂದು ಸರ್ಕಾರವೇ ಹೇಳಿದ್ದೂ ಗೊತ್ತಿತ್ತು. ಆದರೆ ಕಂಪನಿಯವರು ನನ್ನದೇ ಗಾಜಿನ ಮನೆ ಕೊಂಡು, ಬಿಳಿ ಕೋಟು ತೊಟ್ಟು, ಕೈಗವಸು ಹಾಕಿಕೊಂಡು ಎಲೆ ಮುಟ್ಟುವುದನ್ನು ಕಂಡಾಗ, ಅದೊಂದು ಗಿಡವೆಂಬುದೇ ನನಗೆ ಮರೆತುಹೋಯಿತು.

ಪಕ್ಕದ ತೋಟದ ಸಾಲ್ವೊ ನೆನಪಿಸಿದ್ದ. ಅವನೂ ಟೊಮೆಟೊದವನೇ.

"ಅಲ್ಲಕ್ಕಾ, ಅವ್ರು ಬೆಳೀತಿರೋದು ಗಿಡ ತಾನೆ?"

"ನಿಂಗೇನೋ ಗೊತ್ತು? ಅದು ದೊಡ್ಡ ಉದ್ಯಮ."

"ಆಯ್ತಪ್ಪ. ಉದ್ಯಮಕ್ಕೂ ದಿನಾ ನೀರು ಹಾಕ್ತಾರಲ್ಲ ಮತ್ತೆ!"

ಅವನ ಬಾಯಿ ಮುಚ್ಚಿಸಿ, ಕ್ಲಬ್ಬಿನ ಸಭೆಯಲ್ಲಿ ಷೇರಿನ ಪರವಾಗಿ ಎಲ್ಲರ ಕೈ ಎತ್ತಿಸಿದೆ. ನಮ್ಮ ಜನವೋ, ಎದುರಿಗಿದ್ದವರಿಗೆ ಬೇಡ ಎನ್ನಲು ಸಂಕೋಚಪಡುವವರು.

ಕಳೆದ ಅಕ್ಟೋಬರಿನಲ್ಲಿ ಚರ್ಚಿನಿಂದ ಬಂದರೆ ಕಾರಿನೊಳಗೆ ಕಾಗದದ ಚೀಲ. ಜುಕಿನಿ ಕಾಲ ಮುಗಿಯಿತೆಂದು ಬೀಗ ಹಾಕಿರಲಿಲ್ಲ. ತೆರೆದರೆ ಗಾಂಜಾ! ಎಂಬತ್ತೆರಡರ ಐರೀನ್ ಅಜ್ಜಿ ಪಕ್ಕದ ಕಾರಿನಿಂದ ಕೈ ಬೀಸಿದರು.

"ನಾಲ್ಕೇ ಗಿಡ ನೆಟ್ಟಿದ್ದು ಕಣೇ, ಹಾಳಾದ್ದು ಬೇಲಿ ಮೀರಿ ಬೆಳೀತು. ಮನೇಲಿ ಇಡಕ್ಕೆ ಜಾಗ ಇಲ್ಲ, ತಗೊಂಡ್ಹೋಗು. ದುಡ್ಡುಗಿಡ್ಡು ಬೇಡ, ಚೀಲ ಮಾತ್ರ ವಾಪಸ್ ಕೊಡು."

ಕಂಪನಿ ಗ್ರಾಮಿಗೆ ಹತ್ತು ಡಾಲರಿನಂತೆ ಮಾರುವೆನೆಂದು ಲೆಕ್ಕ ತೋರಿಸಿದ್ದ ಸರಕು ಅದು. ಅಜ್ಜಿ ನಮ್ಮ ಕ್ಲಬ್ಬಿನ ಅತಿ ಹಿರಿಯ ಆಟಗಾರ್ತಿ. ಚಳಿಗಾಲದಲ್ಲಿ ಮನೆ ಬಿಟ್ಟು ಹೊರಬರುವುದೇ ಆ ಆಟಕ್ಕಾಗಿ. "ಈ ಸಲ ಐಸ್ ಯಾವಾಗ ಹಾಕಿಸ್ತೀಯೇ?" ಎಂದು ಕೇಳಿದರು. ಷೇರು ಬಿದ್ದ ದಿನಕ್ಕಿಂತ ಆ ದಿನ ಹೆಚ್ಚು ನಾಚಿಕೆಯಾಯಿತು.

ಹಣ ಮರಳಿಸಿ ಎಂದು ಕೇಳುತ್ತಿಲ್ಲ, ಕಳೆದವಳು ನಾನು. ಇನ್ನು ಮುಂದೆ ಇಂಥ ಪತ್ರದ ಮೊದಲ ಪುಟದಲ್ಲಿ, ಐರೀನ್ ಅಜ್ಜಿ ಕನ್ನಡಕವಿಲ್ಲದೆ ಓದುವಷ್ಟು ದಪ್ಪ ಅಕ್ಷರದಲ್ಲಿ, ಒಂದು ಮಾತು ಹಾಕಿಸಿ: "ಇದು ಗಿಡ. ಪಕ್ಕದ ಮನೆಯವರೂ ಬೆಳೆಯಬಲ್ಲರು." ಹಾಕಿಸುವ ತನಕ ವಾರಕ್ಕೊಂದು ಪತ್ರ ಬರೆಯುತ್ತೇನೆ. ಚಳಿಗಾಲದ ಸಂಜೆಗಳೆಲ್ಲ ನನಗೀಗ ಬಿಡುವು.

ಇಂತಿ,
ವರ್ಷವಿಡೀ ಕಾರಿಗೆ ಬೀಗ ಹಾಕುವ,
ಮಾರ್ಲೀನ್ ಡೈಕ್
ಬೇರೆ ಯಾರೂ ಒಪ್ಪದ ಕಾರಣ ಇನ್ನೂ ಖಜಾಂಚಿ