ಗಿಳಿ ಬಂತೋ, ಬಂದರೋ

ಜೂನ್ ೩, ಸಂಜೆ ೪.೨೦

ಅನುವಾದಿತ ಕಾದಂಬರಿ, ಪುಟ ೧೧೨. ಮೂರು ಅಧ್ಯಾಯ ನಾಯಕಿಯನ್ನು ‘ನೀವು’ ಎನ್ನುತ್ತಿದ್ದ ಗಡಿಯಾರ ರಿಪೇರಿಯವನು ಇದ್ದಕ್ಕಿದ್ದಂತೆ ‘ನೀನು’ ಅಂದ. ಮೂಲದಲ್ಲಿ ಎರಡಕ್ಕೂ ಒಂದೇ ಪದ ಇದ್ದಿರಬೇಕು. ಹಾಗಾದರೆ ಬದಲಿಸಿದ್ದು ಅನುವಾದಕರು. ಯಾಕೆ ಇಲ್ಲೇ? ಪೆನ್ಸಿಲ್ ಗುರುತು ಹಾಕಿದೆ.

ಪಕ್ಕದಲ್ಲಿ ಚೂಟಿ — ಅಣ್ಣನ ಮಗಳು, ಏಳು ವರ್ಷ. ಟ್ಯಾಬ್‌ನಲ್ಲಿ ಡ್ರಾಯಿಂಗ್ ಕ್ಲಾಸ್. ಅಣ್ಣ, ಅತ್ತಿಗೆ ಬರುವವರೆಗೆ ಕಾವಲು ನನ್ನದು. ಚಿಕ್ಕವರು, ದೊಡ್ಡವರು ಎಲ್ಲರಿಗೂ ಒಂದೇ ಕ್ಲಾಸ್. ಮುಖವಿಲ್ಲ, ಹೆಸರಿಲ್ಲ, ಒಬ್ಬೊಬ್ಬರಿಗೂ ಒಂದು ಪ್ರಾಣಿಯ ಚಿತ್ರ. ನಮ್ಮದು ಅಳಿಲು.

ಗಿಳಿ ಒಂದು ಕುದುರೆ ಬರೆದು ಹಾಕಿತ್ತು. ಚೂಟಿ ಕೆಳಗೆ ಟೈಪ್ ಮಾಡಿದಳು: ‘ಇದು ಕುದುರೆನಾ, ಸೋಫಾನಾ?’ ಹನ್ನೊಂದು ನಗುಮುಖ ಬಂದವು.

ನಾನೂ ನಕ್ಕೆ. ಜೋರಾಗಿಯೇ.

ಜೂನ್ ೪

ಕುದುರೆಯನ್ನು ಅಳಿಸಲಾಗಿದೆ. ಗಿಳಿಯೂ ಇಲ್ಲ.

“ಅದು ಬಂದಿಲ್ಲ” ಎಂದಳು ಚೂಟಿ.

‘ಅದು’ ಅಂತೆ! ಬಾಗಿಲಿಗೆ ಬರುವ ಪೋಸ್ಟ್‌ಮನ್‌ಗೆ ‘ಅವರು’ ಎನ್ನುವ ಹುಡುಗಿ.

ಜೂನ್ ೯

ಇವತ್ತೂ ಇಲ್ಲ. ಟೀಚರ್‌ಗೆ ಮೆಸೇಜ್ ಮಾಡಿದೆ. ಉತ್ತರ: ‘ಗಿಳಿ ಕಡೆಯಿಂದ ಫೋನ್ ಬಂದಿತ್ತು. ಶುಕ್ರವಾರ ಒಂದು ಸಲ ನೋಡೋದಂತೆ, ಸರಿಹೋಗದಿದ್ರೆ ಕ್ಲಾಸ್ ಬಿಡೋದಂತೆ.’ ಯಾರೆಂದು ಬಾಯಿಬಿಡಲಿಲ್ಲ.

ಚೂಟಿಗೆ ಹೇಳಿದೆ.

“ನಾನು ತಮಾಷೆಗೆ ಅಂದಿದ್ದು ಅತ್ತೆ.”

“ಗೊತ್ತು. ಅದಕ್ಕೇ ನಾನು ನಕ್ಕಿದ್ದು.”

“ಮತ್ತೆ ಗಿಳಿ ಯಾಕೆ ನಗಲಿಲ್ಲ?”

“ನಗ್ತೋ ಇಲ್ವೋ, ನಾವೆಲ್ಲಿ ನೋಡಿದ್ವಿ?”

ಪೆನ್ಸಿಲ್ ಕಚ್ಚಿದಳು. “ಗಿಳಿ ಹುಡುಗನಾ, ಹುಡುಗಿನಾ?”

“ಗೊತ್ತಿಲ್ಲ.”

“ದೊಡ್ಡವರಾಗಿದ್ರೆ?” — ಗಾಬರಿ ಬಂದಿದ್ದು ಈಗ. “ಅಯ್ಯೋ, ದೊಡ್ಡವರಿಗೆ ಹಾಗಂದ್ಬಿಟ್ನಾ!”

“ಚಿಕ್ಕವರಾದ್ರೆ ಅನ್ನಬಹುದಾ?”

ತಿಂಡಿಯನ್ನು ಅರ್ಧಕ್ಕೇ ಬಿಟ್ಟಳು.

ಜೂನ್ ೧೧, ೫.೧೦

ಸಾರಿ ಬರೆಯಲು ಕುಳಿತಿದ್ದೇವೆ. ಮೊದಲ ಸಾಲಿಗೇ ಸಿಕ್ಕಿಬಿದ್ದಳು.

“ನಿನ್ನ ಕುದುರೆ ಅನ್ಲಾ, ನಿಮ್ಮ ಕುದುರೆ ಅನ್ಲಾ?”

ಇಷ್ಟು ವರ್ಷ ಅನುವಾದಕರ ಸಾಲುಗಳಿಗೆ ಗುರುತು ಹಾಕುತ್ತ ಬಂದವಳು ನಾನು. ಪೆನ್ಸಿಲ್ ಕೆಳಗಿಟ್ಟೆ.

“ಹೇಳಿ ಅತ್ತೆ. ಇಷ್ಟೊಂದು ಬುಕ್ ಓದ್ತೀರ.”

“ಬುಕ್‌ನಲ್ಲಿ ಬೇರೆಯವರು ಯೋಚನೆ ಮಾಡಿ ಇಟ್ಟಿರ್ತಾರೆ ಕಣೇ.”

“ನೀವು ಸುಮ್ನೆ ಓದೋದಾ? ಸೋಂಬೇರಿ!”

ಕೊನೆಗೆ ‘ನಿಮ್ಮ’ ಎಂದೇ ಬರೆದಳು. ಯಾಕೆಂದು ಕೇಳಿದೆ.

“ಚಿಕ್ಕವರಿಗೆ ನೀವು ಅಂದ್ರೆ ನಗು ಬರುತ್ತೆ, ಅಷ್ಟೇ. ನಗಲಿ ಬಿಡಿ. ಈಗ ಗಿಳಿ ಸರದಿ.”

ಅವಳು ಬರೆದದ್ದು, ಅಕ್ಷರ ಬಿಡದೆ: ‘ನಿಮ್ಮ ಕುದುರೆಗೆ ಸೋಫಾ ಅಂದಿದ್ದು ನಾನು. ತಪ್ಪಾಯ್ತು. ನನಗೂ ಕಾಲು ಬರೆಯೋಕೆ ಬರಲ್ಲ. ಅದಕ್ಕೇ ಹುಲ್ಲು ಬರೆದು ಮುಚ್ತೀನಿ. ನೀವು ಮುಚ್ಚಲಿಲ್ಲ. ಅತ್ತೆನೂ ನಕ್ಕಿದ್ರು.’

ಕೊನೆಯ ಸಾಲು ಬೇಡ ಎನ್ನಲು ಬಾಯಿ ತೆರೆದೆ. ಮುಚ್ಚಿದೆ. ಕಳಿಸಿಬಿಟ್ಟಳು.

ಜೂನ್ ೧೨, ಶುಕ್ರವಾರ, ೪.೦೫

ಕಾದಂಬರಿ ತೆರೆದಿಲ್ಲ. ಚೂಟಿ ನನ್ನ ಎಡತೋಳನ್ನು ಗಟ್ಟಿಯಾಗಿ ಹಿಡಿದಿದ್ದಾಳೆ. ಬರೆಯಲು ಬಲಗೈ ಉಳಿದಿದೆ. ಟೀಚರ್ ಇವತ್ತಿನ ಪಾಠ ಹೇಳುತ್ತಿದ್ದಾರೆ. ಇಬ್ಬರಿಗೂ ಕೇಳಿಸುತ್ತಿಲ್ಲ.

೪.೧೧. ಗಿಳಿಯ ಪಕ್ಕ ಹಸಿರು ದೀಪ.

“ಬಂದ್ರು! ಅತ್ತೆ, ಬಂದ್ರು!”

ಕುದುರೆ ಮತ್ತೆ ಹಾಕಿಲ್ಲ. ಆದರೆ ನಮ್ಮ ಸಾರಿಯ ಕೆಳಗೆ ಮೂರು ಚುಕ್ಕಿ ಕುಣಿಯುತ್ತಿವೆ. ನಿಂತವು. ಮತ್ತೆ ಕುಣಿದವು. ಗಿಳಿ ಏನೋ ಬರೆಯುತ್ತಿದೆ — ಅಲ್ಲ. ಬರೆಯುತ್ತಿದ್ದಾ—