ಸುಣ್ಣದ ಬಾಣ

12-10-1958, ಭಾನುವಾರ

ಬೆಳಿಗ್ಗೆ ಐದೂವರೆ. ಕಾಲಿಗೆ ಎಳ್ಳೆಣ್ಣೆ ತಿಕ್ಕಿ ಸೈಕಲ್ ತೆಗೆದೆ. ಸಾರಕ್ಕಿ ಕೆರೆ ಏರಿ ದಾಟುವಷ್ಟರಲ್ಲೇ ನೋವು ಶುರು. ಆದರೂ ಹುಳಿಮಾವಿನವರೆಗೆ ಹೋಗಿ ಬಂದೆ. ಮುರಿದ ಬಲಗಾಲು ಈಗ ಎಡಗಾಲಿಗಿಂತ ಒಂದು ಬೆರಳು ಗಿಡ್ಡ. ಪೆಡಲ್‌ಗೆ ಮರದ ತುಂಡು ಕಟ್ಟಿಕೊಂಡಿದ್ದೇನೆ, ಇಲ್ಲದಿದ್ದರೆ ಪಾದ ತಾಗುವುದಿಲ್ಲ.

ವಾಪಸ್ ಬರುವಾಗ ಚಕ್ರಪಾಣಿ ಎದುರಾದ. ಮೈಮೇಲೆ ಮೈಸೂರು ಸ್ಟೇಟ್ ಟೀಮಿನ ಜರ್ಸಿ. ಕೈ ಎತ್ತಿದ. ನಾನು ಪಕ್ಕಕ್ಕೆ ಉಗಿದೆ.

ಆ ಜರ್ಸಿ ನನ್ನದು.

14-10

ಸಿಟ್ಟು ಆರಬಾರದು. ಅದಕ್ಕೇ ಬರೆದಿಡುತ್ತಿದ್ದೇನೆ.

ಹೋದ ಜನವರಿ. ಸಂಕ್ರಾಂತಿ ಕಳೆದ ಭಾನುವಾರ ನಮ್ಮ ಸೈಕಲ್ ಕ್ಲಬ್ಬಿನ ರೇಸ್, ಜಯನಗರದಿಂದ ಬನ್ನೇರುಘಟ್ಟದ ಕಾಡು ಸುತ್ತಿ ವಾಪಸ್. ಗೆದ್ದವನಿಗೆ ಸ್ಟೇಟ್ ಟೀಮು. ಕವಲು ಬಂದ ಕಡೆಯಲ್ಲೆಲ್ಲ ಹಿಂದಿನ ಸಂಜೆ ನೆಲಕ್ಕೆ ಸುಣ್ಣದ ಪುಡಿಯಲ್ಲಿ ಬಾಣ ಹಾಕಿರುತ್ತಾರೆ. ಬಾಣ ನೋಡಿಕೊಂಡು ತುಳಿಯುವುದು, ಅಷ್ಟೆ. ಆ ಸಲ ಬಾಣ ಹಾಕಿದವನು ಚಕ್ರಪಾಣಿ. ರೇಸಿಗೆ ಇಳಿದವನೂ ಅವನೇ. ಯಾರೂ ಬೇಡ ಅನ್ನಲಿಲ್ಲ.

ಮುಂದೆ ಇದ್ದದ್ದು ನಾನು. ಕಾಡಿನೊಳಗೆ ಕವಲು ಬಂತು. ಬಾಣವಿಲ್ಲ. ಒಂದು ಕಡೆ ಗಾಡಿ ಜಾಡು, ಇನ್ನೊಂದು ಕಡೆ ಟಾರು. ಟಾರು ಹಿಡಿದೆ. ಅದು ಯುದ್ಧದ ಕಾಲದ ಮಿಲಿಟರಿ ಕ್ಯಾಂಪಿಗೆ ಹೋಗುವ ದಾರಿ. ಇಳಿಜಾರು. ಕೊನೆಯಲ್ಲಿ ಕಂದಕ, ಮೇಲೆಲ್ಲ ಲಂಟಾನ ಪೊದೆ. ಬಿದ್ದ ಮೇಲೆ ಕಂಡದ್ದು ಮುರಿದ ಹ್ಯಾಂಡಲ್ ಮತ್ತು ನನ್ನದೇ ಮೂಳೆ.

ಹಿಂದಿನಿಂದ ಬಂದ ಚಕ್ರಪಾಣಿ ಗಾಡಿ ಜಾಡು ಹಿಡಿದು ಹೋಗಿ ಗೆದ್ದ. ಅವನಿಗೆ ದಾರಿ ಗೊತ್ತಿತ್ತು. ಗೊತ್ತಿರದೆ ಏನು!

ಮನೆಯವರು ನಾಟಿ ವೈದ್ಯರ ಹತ್ತಿರ ಪುತ್ತೂರು ಕಟ್ಟು ಕಟ್ಟಿಸಿದರು. ಮೂಳೆ ಕೂಡಿತು, ಗಿಡ್ಡವಾಗಿ.

2-11, ಭಾನುವಾರ

ಶಾಮಣ್ಣನ ಸೈಕಲ್ ಅಂಗಡಿಯಲ್ಲಿ ಜಗಳ. ಶಾಮಣ್ಣ ನಮ್ಮ ಕ್ಲಬ್ಬಿನ ಹಿರಿಯ. ರೇಸ್ ನಡೆಸುವವರೂ ಅವರೇ. ನಾನು ಪಂಚರ್ ಹಾಕಿಸುತ್ತಿದ್ದೆ. ಚಕ್ರಪಾಣಿ ಬಂದು ಪಕ್ಕದಲ್ಲೇ ನಿಂತ.

"ತಿಮ್ಮರಾಯ, ಎಷ್ಟು ಸಲ ಹೇಳ್ಲೋ? ಬಾಣ ಹಾಕಿದ್ದೆ ಕಣೋ. ನಮ್ಮಮ್ಮನ ಆಣೆಗೂ ಹಾಕಿದ್ದೆ."

"ಮಳ್ಳೀ ಮಳ್ಳೀ ಮಂಚಕ್ಕೆಷ್ಟು ಕಾಲು ಅಂದ್ರೆ, ಮೂರು ಮತ್ತೊಂದು ಅಂದ್ಳಂತೆ," ಅಂದೆ.

"ನಂಬದಿದ್ರೆ ಬಿಡು."

"ಬಿಡಲ್ಲ ಕಣೋ. ಮುಂದಿನ ಸಂಕ್ರಾಂತಿ ಬರ್ಲಿ. ನಾನು ಬಿದ್ದ ಗುಂಡೀನ ನಿಂಗೂ ತೋರಿಸ್ತೀನಿ."

ಅಂಗಡಿ ತುಂಬ ಜನ. ಎಲ್ಲರೂ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ ಅಂತಲೇ ಕೂಗಿದ್ದು.

ಹಿಂದೆ ಯಾರೋ, "ಕುಂಟನಿಗೆ ಎಂಟು ಚೇಷ್ಟೆ," ಅಂದರು. ಯಾರೆಂದು ನೋಡಲಿಲ್ಲ. ಅವರ ಸರದಿ ಆಮೇಲೆ.

24-11

ಕಾರ್ಖಾನೆ ಕೆಲಸ ಮುಗಿಸಿ ಬರುವಾಗ ಬೇಕೆಂದೇ ಚಕ್ರಪಾಣಿಯ ಮನೆ ಮುಂದೆ ಬಂದೆ. ಅವರ ಮನೆ ಎದ್ದಿರುವುದು ನಮ್ಮ ರಾಗಿ ಹೊಲದಲ್ಲಿ. ಅಪ್ಪನಿಗೆ ಅದರ ಬಗ್ಗೆ ಸಿಟ್ಟಿಲ್ಲ. "ಗೌರ್ಮೆಂಟ್ನೋರು ಬಡಾವಣೆ ಅಂದ್ರು, ಕೊಟ್ವಿ," ಅನ್ನುತ್ತಾನೆ. ನನಗೆ ಸಿಟ್ಟಿದೆ. ವರಾಂಡದಲ್ಲಿ ಜರ್ಸಿ ಒಣಗುತ್ತಿತ್ತು.

28-12, ಭಾನುವಾರ

ಬಹಳ ದಿನ ಬರೆದಿರಲಿಲ್ಲ. ಬರೆಯುವಂಥದ್ದು ಇವತ್ತು ಸಿಕ್ಕಿತು.

ಶಾಮಣ್ಣ ಕರೆಸಿದ್ದರು. ಹೋದ ಸಲದ ದಾರಿಗೆ ಜಲ್ಲಿ ಸುರಿದಿದ್ದಾರಂತೆ. ಈ ಸಲ ಕಾಡಿನ ಆಚೆ ಮಗ್ಗುಲಿನ ದಾರಿ. ಹುಡುಗರು ಯಾರೂ ಆ ಕಡೆ ಹೋದವರಲ್ಲ. "ತಿಮ್ಮರಾಯ, ಬಾಣ ಹಾಕೋ ಕೆಲ್ಸ ಈ ವರ್ಷ ನಿಂದು. ನಿಂಗೆ ದಾರಿ ಗೊತ್ತು. ಒಂದ್ಸಲ ನೀನೇ ಹಾಕಿದ್ರೆ ಹೊಟ್ಟೆಯೊಳಗಿನ ಬೆಂಕಿ ತಣ್ಣಗಾಗುತ್ತೆ ಕಣಪ್ಪಾ."

ಪಾಪ, ಒಳ್ಳೆಯವರು. ಬೆಂಕಿ ಆರಿಸಲು ಎಣ್ಣೆ ಡಬ್ಬ ಕೊಟ್ಟರು.

ಆ ದಾರಿಯಲ್ಲೂ ಒಂದು ಕವಲಿದೆ. ಎಡಕ್ಕೆ ತಿರುಗಿದರೆ ಅದೂ ಕ್ಯಾಂಪಿಗೇ. ಬಲಕ್ಕೆ ಬನ್ನೇರುಘಟ್ಟ.

14-1-1959, ಸಂಕ್ರಾಂತಿ

ಸಂಜೆ ದನಗಳಿಗೆ ಕಿಚ್ಚು ಹಾಯಿಸಿದರು. ನಾನು ಅಪ್ಪನ ಪಕ್ಕ ಕೂತು ಕ್ಯಾಂಪಿನ ವಿಷಯ ತೆಗೆದೆ. ಯುದ್ಧದ ಕಾಲದಲ್ಲಿ ಆ ರಸ್ತೆಗೆ ಕಲ್ಲು ಹೊತ್ತವನು ಅಪ್ಪ. ಮಿಲಿಟರಿಯವರ ತಗಡಿನ ಮಗ್ಗು ಇನ್ನೂ ಇಟ್ಟುಕೊಂಡಿದ್ದಾನೆ, ಅದರಲ್ಲೇ ಕಾಫಿ.

"ಬರ್ಮಾಕ್ಕೆ ಕಳ್ಸೋಕೆ ಮುಂಚೆ ಸೋಲ್ಜರ್‌ಗಳಿಗೆ ಕಾಡಲ್ಲಿ ಯುದ್ಧ ಕಲಿಸ್ತಿದ್ರು. ಕ್ಯಾಂಪಿನ ಎಲ್ಡು ದಾರಿಗೂ ಅಡ್ಡ ಕಂದಕ ತೋಡ್ಸಿದ್ರು. ಇಳಿಜಾರಲ್ಲಿ, ತಿರುವಿನ ಮಗ್ಗುಲಲ್ಲಿ. ಬರೋ ಲಾರಿಗೆ ಕಾಣ್ಬಾರ್ದು, ಅದೇ ಅದ್ರ ಕಲೆ."

"ಯಾರಾದ್ರೂ ಬಿದ್ರಾ?"

"ನಮ್ಮ ಕಡೆಯೋರೇ ಬಿದ್ರು. ಶತ್ರು ಎಲ್ಲಿ ಬಂದ ಇಲ್ಲೀಗಂಟ?"

ಅಪ್ಪ ನಕ್ಕ. ನಾನೂ ನಕ್ಕೆ. ಈ ಸಲ ಬರುತ್ತಾನೆ ಅಂದುಕೊಂಡೆ.

17-1, ಶನಿವಾರ ಸಂಜೆ

ಆಯಿತು. ಜಯನಗರದಿಂದ ಕಾಡಿನವರೆಗೆ ಎಲ್ಲ ಬಾಣಗಳೂ ಸರಿಯಾಗಿವೆ, ಒಂದನ್ನು ಬಿಟ್ಟು. ಕ್ಯಾಂಪಿನ ಕವಲಿನಲ್ಲಿ ಎಡಕ್ಕೆ ಹಾಕಿದೆ. ಉಳಿದ ಸುಣ್ಣವನ್ನೆಲ್ಲ ಅಲ್ಲೇ ಸುರಿದು ದಪ್ಪಗೆ ಎಳೆದೆ. ಕಣ್ಣಿಗೆ ರಾಚುವ ಹಾಗೆ.

ಚಕ್ರಪಾಣಿ ಎಲ್ಲರಿಗಿಂತ ಒಂದು ಫರ್ಲಾಂಗ್ ಮುಂದೆ ಬರುತ್ತಾನೆ, ಅನುಮಾನವಿಲ್ಲ. ನಾನು ಪೊದೆಯ ಹಿಂದೆ. ಅವನು ಎಡಕ್ಕೆ ಹೋದ ತಕ್ಷಣ ಬಾಣ ಕೆಡಿಸಿ, ಉಳಿದವರನ್ನು ಬಲಕ್ಕೆ ಕಳಿಸುತ್ತೇನೆ. ಅವರ ಮೇಲೆ ನನಗೆ ಹಗೆಯಿಲ್ಲ.

ಸಾಯುವುದಿಲ್ಲ. ನಾನು ಸತ್ತೆನಾ? ಒಂದು ಕಾಲು. ನನಗೆ ಬೇಕಾದದ್ದು ಅಷ್ಟೇ.

ಅಮ್ಮ ಒಬ್ಬಟ್ಟು ಬಿಸಿ ಮಾಡಿಕೊಟ್ಟಳು. ಎರಡು ತಿಂದೆ. ಎಷ್ಟೋ ದಿನದ ಮೇಲೆ ರುಚಿ ಹತ್ತಿತು.

18-1, ಭಾನುವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬೆಳಕು ಹರಿಯುವ ಮೊದಲೇ ಹೋಗಿ ಪೊದೆಯ ಹಿಂದೆ ಕೂತೆ. ಬಿಸಿಲು ಬಂತು. ಜೊತೆಗೆ ಒಬ್ಬ ಮುದುಕಿ. ಕಂಕುಳಲ್ಲಿ ಬಿಂದಿಗೆ, ಕೈಯಲ್ಲಿ ಪೊರಕೆ. ನೆಟ್ಟಗೆ ಕವಲಿಗೆ ಬಂದಳು. ಬಾಣದ ಮೇಲೆ ಸಗಣಿ ನೀರು ಸುರಿದಳು. ಗುಡಿಸತೊಡಗಿದಳು!

ಎದ್ದು ಓಡಿದೆ. ಓಡಿದೆ ಅಂದರೆ ಕುಂಟಿದೆ. "ಅಜ್ಜೀ, ಏನ್ಮಾಡ್ತಿದೀರಿ?"

"ಕಾಣಾಕಿಲ್ವಾ ಮಗ? ಯಾವ ಮನೆಹಾಳನೋ ಮಾಟ ಮಾಡವ್ನೆ. ನೋಡು, ಶೂಲದಂಗೆ ಬರೆದವ್ನೆ. ಮೂರು ದಾರಿ ಕೂಡೋ ಜಾಗ. ನಾಳೆ ನನ್ ಮೊಮ್ಮಗ ಇದ್ನ ದಾಟಿದ್ರೆ ಏನ್ ಗತಿ?"

"ಮಾಟ ಅಲ್ಲಜ್ಜಿ, ಇದು ಸೈಕಲ್..."

"ನಂಗೇಳ್ಬ್ಯಾಡ. ಮುನಿಲಕ್ಷ್ಮಮ್ಮ ಇದ್ನ ಇವತ್ತು ನೋಡ್ತಿಲ್ಲ. ಹೋದ್ವರ್ಸ ಆ ಕಡೆ ಕವಲಲ್ಲೂ ಇಂಗೇ ಬರೆದಿದ್ರು, ಸಂಕ್ರಾಂತಿ ಕಳೆದ ಭಾನ್ವಾರಾನೇ. ಆಗ ಸೊಸೆ ತುಂಬು ಬಸುರಿ. ನಾನೇ ಗಂಜಲ ಹಾಕಿ ತೊಳ್ದೆ. ಅದ್ಕೇ ಗಂಡು ಮಗ ಆಯ್ತು."

ಅವಳು ಹೇಳಿದ್ದು ಹೋದ ವರ್ಷ ನಾನು ದಾರಿ ತಪ್ಪಿದ ಕವಲು.

ಚಕ್ರಪಾಣಿ ಬಾಣ ಹಾಕಿದ್ದ. ಅಮ್ಮನ ಆಣೆ ಸುಳ್ಳಲ್ಲ. ಮೂರು ದಾರಿ ಕೂಡುವಲ್ಲಿ ಬಿಳಿ ಪುಡಿ ಕಂಡರೆ ನಮ್ಮೂರಲ್ಲೂ ಯಾರೂ ತುಳಿಯುವುದಿಲ್ಲ. ನಮ್ಮಮ್ಮನೇ ಎಷ್ಟು ಸಲ ತೊಳೆದಿಲ್ಲ? ಜಯನಗರದ ಚಕ್ರಪಾಣಿಗೆ ಅದು ತಿಳಿಯದು, ಸರಿ. ಸಾರಕ್ಕಿಯಲ್ಲಿ ಹುಟ್ಟಿದ ನನಗೆ ತಿಳಿಯಬೇಕಿತ್ತು. ಒಂದು ವರ್ಷದಲ್ಲಿ ಒಂದು ದಿನವೂ ಹೊಳೆಯಲಿಲ್ಲ. ಹೊಳೆಯಲು ಸಿಟ್ಟು ಎಲ್ಲಿ ಜಾಗ ಬಿಟ್ಟಿತ್ತು?

ಚೀಲದಲ್ಲಿ ಚಿಟಿಕೆ ಸುಣ್ಣವಿಲ್ಲ. ನೆಲ ಒದ್ದೆ. ದೂರದಲ್ಲಿ ಚೈನಿನ ಸದ್ದು. ಒಬ್ಬನೇ. ಅವನೇ.

ಒಂದು ಗಳಿಗೆ ಸುಮ್ಮನಿರೋಣ ಅನ್ನಿಸಿತು. ಅದೂ ನಿಜ. ಆಮೇಲೆ ನಡುರಸ್ತೆಗೆ ಹೋಗಿ ಎರಡೂ ಕೈ ಬೀಸಿದೆ. "ಬಲಕ್ಕೆ! ಚಕ್ರಪಾಣೀ, ಬಲಕ್ಕೆ ಹೋಗೋ!"

ಅವನು ತಲೆ ಎತ್ತಿದ. ನೆಲ ನೋಡಿದ, ಬಾಣವಿಲ್ಲ. ನನ್ನನ್ನು ನೋಡಿದ. ನಕ್ಕ. ಅಡ್ಡ ಹೋದೆ. ನನ್ನ ಕಾಲು ಎಷ್ಟು ಬೇಗ ಬಂದೀತು? ಪಕ್ಕದಿಂದ ನುಗ್ಗಿ ಎಡಕ್ಕೆ ತಿರುಗಿಸಿದ. ಇಳಿಜಾರಿನಲ್ಲಿ ಇನ್ನೂ ಜೋರಾಗಿ ತುಳಿದ.

ಸದ್ದು ಕೇಳಿತು. ಆಮೇಲೆ ಕೂಗು.

ಆ ಸದ್ದು ಕೇಳಿದಾಗ ನನ್ನೊಳಗೆ ಎಲ್ಲೋ ಖುಷಿಯಾಯಿತು. ಯಾರಿಗೂ ಹೇಳುವುದಿಲ್ಲ. ಇಲ್ಲಿ ಬರೆದಿದ್ದೇನೆ.

20-1

ಆಸ್ಪತ್ರೆಗೆ ಹೋದೆ. ಬಲಗಾಲೇ. ತೊಡೆಯವರೆಗೆ ಪ್ಲಾಸ್ಟರ್. ಅವನ ತಾಯಿ ಸತ್ಯಭಾಮಮ್ಮ ನನ್ನನ್ನು ನೋಡಿ ಎದ್ದು ಹೊರಗೆ ಹೋದರು.

"ನಾನು ಬಲಕ್ಕೆ ಅಂದೆ," ಅಂದೆ.

"ಅದಕ್ಕೇ ಎಡಕ್ಕೆ ಹೋದೆ," ಅಂದ.

ಮುದುಕಿಯ ವಿಷಯ ಹೇಳಿದೆ. ಹೋದ ವರ್ಷ ಬಾಣ ತೊಳೆದವಳು ಅವಳು, ನಿನ್ನದು ತಪ್ಪಿಲ್ಲ ಅಂದೆ. ಪೂರ್ತಿ ಕೇಳಿಸಿಕೊಂಡ.

"ಈ ಸಲದ ಬಾಣ ಯಾವ ಕಡೆಗೆ ಹಾಕಿದ್ದೆ?"

ನಾನು ಅವನ ಪ್ಲಾಸ್ಟರ್ ಕಡೆ ನೋಡಿದೆ.

"ಮಳ್ಳೀ ಮಳ್ಳೀ ಮಂಚಕ್ಕೆಷ್ಟು ಕಾಲು," ಅಂದ. ಗೋಡೆ ಕಡೆ ಮುಖ ತಿರುಗಿಸಿದ. "ಹೋಗು ತಿಮ್ಮರಾಯ. ಮುಂದಿನ ಸಂಕ್ರಾಂತಿ ಬರ್ಲಿ."

25-1, ಭಾನುವಾರ

ಶಾಮಣ್ಣನ ಅಂಗಡಿ. ಶಾಮಣ್ಣ ಮಾತಾಡಿಸಲಿಲ್ಲ. ಹುಡುಗರು ಬೆನ್ನು ತಟ್ಟಿದರು. "ಹೇಳಿದ ಹಾಗೇ ಮಾಡಿಬಿಟ್ಟೆ ಗುರು! ಬಾಯಲ್ಲಿ ಬಲ, ಹಳ್ಳ ಎಡ. ಏನು ತಲೆ!" ಕುಂಟನಿಗೆ ಎಂಟು ಚೇಷ್ಟೆ ಅಂದಿದ್ದ ದನಿಯೂ ಅದರಲ್ಲಿತ್ತು.

ಒಂದು ವರ್ಷ ಕಾದದ್ದು ಈ ಮಾತಿಗೇ. ಟೀ ಕುಡಿಯದೆ ಎದ್ದು ಬಂದೆ.

22-2, ಭಾನುವಾರ, ಬೆಳಿಗ್ಗೆ

ಐದೂವರೆ. ಎಣ್ಣೆ ತಿಕ್ಕಿಕೊಂಡು ಸೈಕಲ್ ತೆಗೆಯಲು ಹೋದೆ. ಅಂಗಳದಲ್ಲಿ ಸುಣ್ಣದ ಬಾಣ. ದಪ್ಪಗೆ ಎಳೆದಿದ್ದಾರೆ. ತುದಿ ನಮ್ಮ ಬಾಗಿಲ ಕಡೆಗೆ. ಪಕ್ಕದ ಮಣ್ಣಿನಲ್ಲಿ ಊರುಗೋಲು ಊರಿದ ಗುರುತು.

ಒಳಗೆ ಬಂದು ಕೂತಿದ್ದೇನೆ. ಅಮ್ಮ ನೋಡಿಬಿಟ್ಟಳು. ಸಗಣಿ ನೀರಿನ ಬಕೆಟ್ ಹಿಡಿದು ಬಾಯಿ ಮಾಡುತ್ತಿದ್ದಾಳೆ. ಚಿಕ್ಕಪ್ಪಂದಿರು ಎದ್ದು ಬಂದಿದ್ದಾರೆ. "ಯಾರ ಮ್ಯಾಲೆ ಅನ್ಮಾನ ಮಗ? ಎಸ್ರೇಳು, ಸಾಕು," ಅಂತ ಅಮ್ಮ ಕಿಟಕಿಯಿಂದ ಕೇಳುತ್ತಿದ್ದಾಳೆ.

ಹೆಸರು ಬಾಯಿ ತನಕ ಬಂದಿದೆ. ಹೇಳಿದರೆ ಇವರು ಈಗಲೇ ದೊಣ್ಣೆ ಹಿಡಿದು ಜಯನಗರಕ್ಕೆ ಹೊರಡುತ್ತಾರೆ. ಹೇಳದಿದ್ದರೆ ಮುಂದಿನ ಸಂಕ್ರಾಂತಿಗೆ ನಾನು ಮತ್ತೆ ಗುಂಡಿಯಲ್ಲಿ.