ದೇವಿ ಹಾಕುವ ಸೂಜಿಯ ಡಬ್ಬಿ

ಚಿತ್ರದುರ್ಗ
ಗುರುವಾರ

ಬಿ.ದುರ್ಗದ ಉಚ್ಚಂಗೆಮ್ಮನವರಿಗೆ ಅನುಪಮಾಳ ನಮಸ್ಕಾರ.

ನಿಮ್ಮ ಹಿತ್ತಾಳೆ ಡಬ್ಬಿಯನ್ನು ನಿಮ್ಮೂರ ಬಸ್ಸಿನ ಕಂಡಕ್ಟರ್ ನಾಗಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾನೇ ತರಬೇಕಿತ್ತು, ಧೈರ್ಯ ಬರಲಿಲ್ಲ.

ನೂರೈವತ್ತು ವರ್ಷಗಳ ಹಿಂದೆ, ಸಿಡುಬಿನ ಲಸಿಕೆ ಚುಚ್ಚಿ ದೇವಿ ಹಾಕಲು ಬಂದಿದ್ದ ಡಾಕ್ಟರು ನಿಮ್ಮ ಮನೆಯಲ್ಲಿ ಬಿಟ್ಟುಹೋದ ಸೂಜಿಯ ಡಬ್ಬಿ ಅದು. ಆ ವರ್ಷ ನಿಮ್ಮ ಮನೆಯ ಮಕ್ಕಳು ಉಳಿದವು. ಅಂದಿನಿಂದ ಹುಟ್ಟಿದ ಒಂದೊಂದು ಮಗುವಿಗೂ ಅದರ ಮೇಲೆ ಒಂದೊಂದು ಕುಂಕುಮದ ಬೊಟ್ಟು. ಹಳೆಯ ಆಸ್ಪತ್ರೆಗಳ ಬಗ್ಗೆ ನಮ್ಮ ಕಾಲೇಜಿನಲ್ಲಿ ನಾನಿಟ್ಟ ಪ್ರದರ್ಶನಕ್ಕೆ ಕೊಡುವಾಗ ನೀವು ಹೇಳಿದ್ದು ಒಂದೇ ಮಾತು: "ಹೆಂಗೈತೋ ಹಂಗೇ ತಂದ್ಕೊಡವ್ವ."

ಚೆನ್ನಾಗಿ ಕಾಣಲಿ ಎಂದು ಹುಣಸೆಹಣ್ಣು ಹಚ್ಚಿ ಉಜ್ಜಿದೆ. ನೀರು ಕೆಂಪಗಾಯಿತು, ಚೆಲ್ಲಿಬಿಟ್ಟೆ. ಬಂದವರೆಲ್ಲ ಹೊಳಪನ್ನು ಹೊಗಳಿದರು. ಊರೂರು ಅಲೆದು ಹಳೆಯ ದಾಖಲೆ ಹುಡುಕುವವಳೂ ನಾನೇ, ನಿಮ್ಮ ಮನೆಯ ದಾಖಲೆಯನ್ನು ತೊಳೆದು ಚೆಲ್ಲಿದವಳೂ ನಾನೇ.

ಭಾನುವಾರ ಬರಲೇ? ಆ ಮಕ್ಕಳ ಹೆಸರುಗಳನ್ನು ನೆನಪಿದ್ದಷ್ಟು ಹೇಳಿ, ಬರೆದುಕೊಳ್ಳುತ್ತೇನೆ. ಹೆಸರಿಡುವ ಮೊದಲೇ ತೀರಿಕೊಂಡ ನಿಮ್ಮ ಹಿರಿಮಗಳಿಗೂ ಒಂದು ಬೊಟ್ಟಿತ್ತು ಅಂದಿದ್ದಿರಿ. ಅವಳನ್ನು ಏನೆಂದು ಬರೆಯಲಿ?

ನಿಮ್ಮ ಮಾತು ನಡೆಸದ,
ಅನುಪಮಾ